ಅಟ್ಟದಲ್ಲಿ ಅಕ್ಕಿ ಉಂಟು, ನನಗೆ ಊಟ ಇಲ್ಲ

2019ರ ಆಗಸ್ಟ್ ಎರಡನೆಯ ವಾರ. ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆದ ಮಳೆ ಅದು. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಲ್ಲಿ ಕೆಲವರ ತೋಟವೇ ಮರಳಿನಡಿ ಹೋಯಿತು. ನಮಗೆ ಅಷ್ಟು ಆಗಲಿಲ್ಲ. ತೋಡಿಗೆ ಹಾಕಿದ್ದ ಸಂಕ ಕೊಚ್ಚಿಕೊಂಡು ಹೋಯಿತು, ಕರೆಂಟು ಹೋಯಿತು, ಫೋನು ಸತ್ತಿತು. ಒಂಬತ್ತು ದಿನ ಪೇಟೆ ಕಡೆ ತಲೆ ಹಾಕಲಿಕ್ಕೆ ಆಗಲಿಲ್ಲ.

ಹೆದರುವಂಥದ್ದು ಏನಿಲ್ಲ ಎಂದುಕೊಂಡಿದ್ದೆ. ಮನೆಯಲ್ಲಿ ಎರಡು ಚೀಲ ಕುಚ್ಚಲಕ್ಕಿ ಇತ್ತು. ಡಬ್ಬದಲ್ಲಿ ಅವಲಕ್ಕಿ, ರವೆ, ಬಿಸ್ಕತ್ತು. ಅಟ್ಟದಲ್ಲಿ ಹಲಸಿನ ಹಪ್ಪಳ, ಭರಣಿಯಲ್ಲಿ ಉಪ್ಪು ಸೊಳೆ, ಉಪ್ಪಿನಕಾಯಿ. ಕೃಷಿಕನ ಮನೆಯಲ್ಲಿ ಉಪವಾಸ ಬೀಳುವ ಪ್ರಶ್ನೆ ಎಲ್ಲಿ?

ಆದರೆ ನಾನು ಸಕ್ಕರೆ ಕಾಯಿಲೆಯವ. 2016ರಲ್ಲಿ ಗೊತ್ತಾದದ್ದು. ಗುಳಿಗೆ ಕೊಟ್ಟ ಡಾಕ್ಟರು, “ಅನ್ನ ಅರ್ಧಕ್ಕಿಂತ ಕಮ್ಮಿ ಮಾಡಿ, ಪಲ್ಯ, ಕಾಳು, ಮೊಟ್ಟೆ ಜಾಸ್ತಿ ಮಾಡಿ” ಎಂದಿದ್ದರು. ಕಷ್ಟಪಟ್ಟು ಅಭ್ಯಾಸ ಮಾಡಿಕೊಂಡಿದ್ದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ 130ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಈಗ ನೋಡಿದರೆ ನಾನು ತಿನ್ನುವ ಪದಾರ್ಥ ಎಲ್ಲ ವಾರಕ್ಕೊಮ್ಮೆ ಪೇಟೆಯಿಂದ ಬರುತ್ತಿದ್ದದ್ದು! ಬೀನ್ಸು, ಕೋಸು, ಕಡಲೆ, ಮೊಟ್ಟೆ ಎಲ್ಲ. ಮೂರನೆಯ ದಿನಕ್ಕೆ ತರಕಾರಿ ಮುಗಿಯಿತು. ನಾಲ್ಕನೆಯ ದಿನದಿಂದ ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ. ಮಳೆಯಲ್ಲಿ ತೋಟಕ್ಕೆ ಇಳಿಯುವ ಹಾಗಿಲ್ಲ, ನಡಿಗೆಯೂ ನಿಂತಿತು. ಏಳನೆಯ ದಿನ ಬೆಳಗ್ಗೆ ಬೆರಳು ಚುಚ್ಚಿ ನೋಡಿದರೆ 236. ಅಂಗಾಲು ಉರಿ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಎಲ್ಲ ವಾಪಸು ಬಂತು.

ಅದೇ ದಿನ ಆಚೆ ಬದಿಯ ಹುಡುಗರು ಹಗ್ಗ ಕಟ್ಟಿ ತೋಡು ದಾಟಿ ಪರಿಹಾರದ ಕಟ್ಟು ತಂದರು. ಅವರ ಕೈಗೆ ನಮಸ್ಕಾರ. ಬಿಚ್ಚಿ ನೋಡಿದರೆ ಐದು ಕಿಲೋ ಬೆಳ್ತಿಗೆ ಅಕ್ಕಿ, ಸಕ್ಕರೆ, ಚಾಹುಡಿ, ಬನ್ನು, ಬಿಸ್ಕತ್ತು, ಒಂದು ಕಿಲೋ ಬೇಳೆ. ಹೆಂಡತಿ ಬೇಳೆಯ ತೊಟ್ಟೆ ಒಂದನ್ನು ಎತ್ತಿ ಬದಿಗಿಟ್ಟು, “ಇದು ನಿಮಗೆ, ಉಳಿದದ್ದು ನಮಗೆ” ಎಂದಳು. ತಮಾಷೆಗೆ ಹೇಳಿದ್ದು. ನನಗೆ ನಗು ಬರಲಿಲ್ಲ.

ನಾನೊಬ್ಬನ ಕತೆಯಾಗಿದ್ದರೆ ಬರೆಯುತ್ತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಜತೆಗೂಡಿ ನಡೆಸಿದ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಹತ್ತು ಕೋಟಿ ದಾಟಿದ್ದಾರಂತೆ. ನಮ್ಮ ವಠಾರದ ಹದಿನಾಲ್ಕು ಮನೆಯಲ್ಲಿ ಒಂಬತ್ತು ಮನೆಗೆ ಈ ನೆಂಟ ಬಂದು ಕೂತಾಗಿದೆ. ದಾರಿ ಕಡಿಯುವುದೂ ಈಗ ಅಪರೂಪ ಅಲ್ಲ. 2018ರಲ್ಲಿ ಕೊಡಗು, 2019ರಲ್ಲಿ ನಾವು, 2020ರ ಮಾರ್ಚಿನಲ್ಲಿ ಮಳೆಯೇ ಇಲ್ಲದೆ ಇಡೀ ದೇಶ ಬಂದ್, 2024ರ ಜುಲೈಯಲ್ಲಿ ಶಿರೂರಿನಲ್ಲಿ ಹೆದ್ದಾರಿಗೇ ಗುಡ್ಡ ಬಿತ್ತು. ಆದರೂ ಆಪತ್ಕಾಲದ ದಾಸ್ತಾನು ಎಂದರೆ ನಮಗೆ ಈಗಲೂ ಒಂದೇ ಅರ್ಥ: ಅಕ್ಕಿ. ಅನ್ನ ಕಡಿಮೆ ಮಾಡಬೇಕಾದವನಿಗೆ ಅಟ್ಟದಲ್ಲಿ ಜಾಗವೇ ಇಲ್ಲ. ಇದು ಬದಲಾಗಬೇಕು, ಬದಲಾಯಿಸಲು ನಮ್ಮ ತೋಟದಲ್ಲೇ ಬೇಕಾದಷ್ಟು ಉಂಟು ಎನ್ನುವುದು ನನ್ನ ವಾದ.

ಇದಕ್ಕೆ ದಾರಿ ತೋರಿಸಿದ್ದು ಎಂಬತ್ತು ದಾಟಿದ ನನ್ನ ಅಮ್ಮ. ಅದೇ ಗಂಜಿಯ ದಿನಗಳಲ್ಲಿ ಒಲೆ ಬುಡದಲ್ಲಿ ಕೂತು ಅವರು ಹೇಳಿದ್ದು: “ಆಟಿಯಲ್ಲಿ ನಮಗೆ ಅಕ್ಕಿ ಎಲ್ಲಿ ಇತ್ತು ಮಗಾ? ಮುಡಿ ಕಟ್ಟಿದ್ದು ಧಣಿಗಳಿಗೆ ಹೋಗಿ ಆಗುತ್ತಿತ್ತು. ಹುರುಳಿ ಬೇಯಿಸಿ ಕುಡಿದದ್ದು, ಕಣಿಲೆ, ತಜಂಕ್, ಕೆಸುವು ತಿಂದದ್ದು. ಅನ್ನ ಅಂತ ಒಂದು ಮುಷ್ಟಿ.”

ನಾನು ಅದನ್ನು ಬಡತನದ ಕತೆ ಎಂದು ನೂರು ಸಲ ಕೇಳಿದ್ದೆ. ನೂರ ಒಂದನೆಯ ಸಲ ಕೇಳುವಾಗ ಹೊಳೆಯಿತು. ಅವರು ಹೇಳುತ್ತಿರುವುದು ನನ್ನ ಡಾಕ್ಟರು ಬರೆದುಕೊಟ್ಟ ಪಥ್ಯವನ್ನೇ! ಹಳೆಯ ಕಾಲದ ಅಟ್ಟ ತಯಾರಾದದ್ದು ಅಕ್ಕಿ ಇಡಲಿಕ್ಕೆ ಮಾತ್ರ ಅಲ್ಲ, ಅಕ್ಕಿ ಇಲ್ಲದಾಗ ದಿನ ದೂಡಲಿಕ್ಕೂ ಹೌದು. ಅಕ್ಕಿ ಧಾರಾಳ ಆದ ಮೇಲೆ ಉಳಿದದ್ದನ್ನೆಲ್ಲ ಕೆಳಗಿಳಿಸಿದೆವು. ಹಳೆಯ ಕಾಲವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಆಟಿಯ ಹಸಿವು ಯಾರಿಗೂ ಬೇಡ. ಆದರೆ ಆ ಭರಣಿ, ಆ ಹಗ್ಗ, ಆ ಮಡಕೆ ನನಗೆ ಈಗ ಬೇರೆ ಕಾರಣಕ್ಕೆ ಬೇಕಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಬೇಕು. “ಅಕ್ಕಿ ಬಿಟ್ಟು ರಾಗಿ ಇಟ್ಟುಕೊಳ್ಳಿ, ಸಿರಿಧಾನ್ಯ ಇಟ್ಟುಕೊಳ್ಳಿ” ಎನ್ನುವವರು ಬಹಳ. ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ 78 ಗ್ರಾಂ ಹತ್ತಿರ. ರಾಗಿಯಲ್ಲಿ 70ರ ಸುತ್ತಮುತ್ತ. ನಾರು, ಸುಣ್ಣದ ಅಂಶ ರಾಗಿಯಲ್ಲಿ ಹೆಚ್ಚು, ಒಪ್ಪಿದೆ. ಆದರೆ ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರದೆ ಇರುತ್ತದೆಯೇ? ನಮ್ಮ ಸೊಳೆ, ಹಪ್ಪಳ, ಹಲಸಿನ ಬೀಜದ ಸಾಂತಾಣಿ, ಬಾಳೆಕಾಯಿ ಚಿಪ್ಸು, ಗೆಣಸು, ಎಲ್ಲವೂ ಅದೇ ಪಂಗಡ. ಮನೆಯ ಉಳಿದವರಿಗೆ ಇರಲಿ, ನನ್ನ ಲೆಕ್ಕಕ್ಕೆ ಬೇಡ.

ಇನ್ನೊಂದು ತುದಿಯವರು ಪೇಟೆಯ ಲೋ ಕಾರ್ಬ್ ಪೊಟ್ಟಣಗಳು. ಬೆಂಗಳೂರಿನಲ್ಲಿರುವ ಅಳಿಯ ಒಮ್ಮೆ ಬಾದಾಮಿ ಹಿಟ್ಟು ತಂದುಕೊಟ್ಟ. ಕಿಲೋಗೆ ಸಾವಿರದ ಮೇಲೆ. ದೋಸೆ ಕಾವಲಿಯಿಂದ ಏಳಲಿಲ್ಲ. ಉಳಿದದ್ದು ಜುಲೈಯಲ್ಲಿ ಮುಗ್ಗಿ ಹೋಯಿತು. ತೆಂಗು ಬೆಳೆಯುವವ ಬಾದಾಮಿ ಹಿಟ್ಟು ಕ್ರಯಕ್ಕೆ ತರುವುದೆಂದರೆ ಹೊಳೆ ಬದಿಯಲ್ಲಿ ಬಾವಿ ತೋಡಿದ ಹಾಗೆ.

ಈಗ ನಮ್ಮ ಮನೆಯ ವ್ಯವಸ್ಥೆ ಹೇಳುತ್ತೇನೆ. ಆರು ವರ್ಷದಲ್ಲಿ ತಿದ್ದಿ ತಿದ್ದಿ ಇಲ್ಲಿಗೆ ಬಂದದ್ದು.

ತೆಂಗಿನಕಾಯಿ ಮೊದಲು. ಹಸಿ ಕಾಯಿಯ ನೂರು ಗ್ರಾಂ ತುರಿಯಲ್ಲಿ ಕೊಬ್ಬು 33 ಗ್ರಾಂ, ಪಿಷ್ಟ 15, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾರು. ಹೊಟ್ಟೆ ನಿಲ್ಲುತ್ತದೆ. ಸಿಪ್ಪೆ ಸುಲಿಯದ ಕಾಯಿಗಿಂತ ಒಳ್ಳೆಯ ಪ್ಯಾಕಿಂಗ್ ಯಾವ ಕಾರ್ಖಾನೆ ಮಾಡೀತು? ಮೇ ಕೊನೆಗೆ ಬಲಿತ ಐವತ್ತು ಕಾಯಿ ಜಗಲಿ ಮೂಲೆಯಲ್ಲಿ ಇಡುತ್ತೇನೆ, ಮಾರುವುದಿಲ್ಲ. ಜತೆಗೆ ಕೊಬ್ಬರಿ ಎಣ್ಣೆ.

ಕಾಳುಗಳಲ್ಲಿ ಹುರುಳಿ, ಹೆಸರು, ಕಪ್ಪು ಕಡಲೆ. ಇವುಗಳಲ್ಲೂ ಪಿಷ್ಟ ಉಂಟು, ಹುರುಳಿಯಲ್ಲಿ ನೂರಕ್ಕೆ 57. ಆದರೆ ಸಸಾರಜನಕ 22 ಉಂಟು, ನಾರು ಉಂಟು, ಅನ್ನದ ಹಾಗೆ ಬಟ್ಟಲುಗಟ್ಟಲೆ ಒಳಗೆ ಹೋಗುವುದಿಲ್ಲ. ಹೆಸರು ಇಡಲು ಇನ್ನೊಂದು ಕಾರಣ: ನೆನೆಸಿ ಬಟ್ಟೆಯಲ್ಲಿ ಕಟ್ಟಿದರೆ ಎರಡು ದಿನದಲ್ಲಿ ಮೊಳಕೆ. ಸೊಪ್ಪು ತರಕಾರಿ ಕಣ್ಣಿಗೆ ಬೀಳದ ದಿನ ಅದೇ ತರಕಾರಿ. ಎಪ್ರಿಲ್ ಬಿಸಿಲಿಗೆ ಹಲ್ಲಿಗೆ ಇಟ್ಟರೆ ಕಟಕ್ಕೆನ್ನುವಷ್ಟು ಒಣಗಿಸಿ, ಆರಿದ ಮೇಲೆ ಸ್ಟೀಲ್ ಡಬ್ಬಕ್ಕೆ ತುಂಬಿ ಬಾಯಿ ಬಿಗಿಯುತ್ತೇವೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಹಾಳು.

ನೆಲಗಡಲೆ ಬಹಳ ಉಪಕಾರಿ. ನೂರು ಗ್ರಾಮಿನಲ್ಲಿ ಸಸಾರಜನಕ 25, ಕೊಬ್ಬು 49, ಪಿಷ್ಟ 16. ಬೇಯಿಸಲು ಬೆಂಕಿ ಇಲ್ಲದಿದ್ದರೂ ನಡೆಯುತ್ತದೆ. ಆದರೆ ನಮ್ಮ ಮಳೆಗಾಲ ಇದಕ್ಕೆ ಶತ್ರು. ಬೂಸರು ಹಿಡಿದ ನೆಲಗಡಲೆಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಆಗುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕೊಬ್ಬರಿಗೂ ಇದೇ ಮಾತು. “ಸ್ವಲ್ಪ ಬೂಸರು, ಒರೆಸಿದರೆ ಸಾಕು” ಎನ್ನುವ ನಮ್ಮ ಜುಗ್ಗತನ ಇಲ್ಲಿ ಬೇಡ. ನಾನು ಜೂನಿಗೆ ಒಮ್ಮೆ, ಜುಲೈ ಕೊನೆಗೆ ಒಮ್ಮೆ, ಎರಡು ಕಂತಿನಲ್ಲಿ ತರುತ್ತೇನೆ.

ತರಕಾರಿಗೆ ಅಟ್ಟದ ಅಡ್ಡ ಮರವೇ ಫ್ರಿಜ್ಜು. ಸುಗ್ಗಿ ಕೊಯ್ಲಾದ ಗದ್ದೆಯಲ್ಲಿ ನಮ್ಮ ಊರಿನ ಸೌತೆ ಹಾಕಿ, ಬಲಿತ ಕಾಯಿಗಳನ್ನು ತೆಂಗಿನ ಗರಿಯಲ್ಲಿ ಕಟ್ಟಿ ತೂಗ ಹಾಕುವುದು ಗೊತ್ತಿರುವ ವಿಷಯವೇ. ಒಂದಕ್ಕೊಂದು ತಾಗಬಾರದು, ಪೆಟ್ಟು ಬಿದ್ದ ಕಾಯಿ ಕಟ್ಟಬಾರದು. ದೀಪಾವಳಿವರೆಗೆ ಬರುತ್ತದೆ. ಬೂದುಗುಂಬಳ ಅದಕ್ಕಿಂತಲೂ ಗಟ್ಟಿ. ಎರಡರಲ್ಲೂ ಪಿಷ್ಟ ಇಲ್ಲವೆಂದೇ ಹೇಳಬಹುದು. 2019ರಲ್ಲಿ ನಮ್ಮ ಅಡ್ಡ ಮರ ಖಾಲಿ ಇತ್ತು. ಗದ್ದೆ ತೆಗೆದು ಅಡಕೆ ಹಾಕಿದವರಲ್ಲಿ ನಾನೂ ಒಬ್ಬ. ಈಗ ಮನೆ ಹಿಂದಿನ ಐದು ಸೆಂಟ್ಸ್ ಜಾಗ ಸೌತೆಗೆಂದೇ ಬಿಟ್ಟಿದ್ದೇನೆ.

ಫೆಬ್ರವರಿ-ಮಾರ್ಚಿನ ಗುಜ್ಜೆ ಉಪ್ಪಿಗೆ ಹಾಕುತ್ತೇವೆ. ಬಲಿತ ಸೊಳೆಯಷ್ಟು ಪಿಷ್ಟ ಎಳೆ ಗುಜ್ಜೆಯಲ್ಲಿ ಇಲ್ಲ. ಮೊದಲ ವರ್ಷ ರಕ್ತದೊತ್ತಡದ ಹೆದರಿಕೆಯಲ್ಲಿ ಉಪ್ಪು ಕಮ್ಮಿ ಮಾಡಿ, ಇಡೀ ಭರಣಿ ಲೋಳೆಯಾಗಿ ಗುಂಡಿಗೆ ಹೋಯಿತು. ಈಗ ನಾಲ್ಕು ಪಾವು ತುಂಡಿಗೆ ಒಂದು ಪಾವು ಕಲ್ಲುಪ್ಪು, ಮೇಲೆ ಕಲ್ಲು ಹೇರಿ ನೀರಿನಡಿ ಮುಳುಗಿಸಿಡುವುದು. ತಿನ್ನುವ ಮುಂಚಿನ ದಿನ ತೆಗೆದು ಮೂರು-ನಾಲ್ಕು ನೀರಿನಲ್ಲಿ ಉಪ್ಪು ಬಿಡಿಸುವುದು. ಕಣಿಲೆಯೂ ಹಾಗೆಯೇ. ಆದರೆ ಅದನ್ನು ಮೊದಲು ಮೂರು ದಿನ ನೀರು ಬದಲಿಸಿ ನೆನೆಸಿಡದೆ ಉಪ್ಪಿಗೆ ಹಾಕಬೇಡಿ, ಹಸಿ ಕಣಿಲೆಯಲ್ಲಿ ವಿಷದ ಅಂಶ ಉಂಟು. ಹಾಗಲ, ತೊಂಡೆಯ ಬಾಳಕವೂ ಸ್ವಲ್ಪ. ನಮ್ಮ ಹಳೆಯ ದಾಸ್ತಾನಿನ ದೊಡ್ಡ ದೋಷ ಉಪ್ಪು. ಬಿ.ಪಿ. ಇರುವವರು, ಮೂತ್ರಪಿಂಡ ಸೋತವರು ಇದನ್ನು ಮರೆಯಬಾರದು. ಅಂಥವರು ಕಾಳು, ಮೊಟ್ಟೆ ಎಷ್ಟು ತಿನ್ನಬೇಕೆಂದೂ ಡಾಕ್ಟರಲ್ಲೇ ಕೇಳಬೇಕು.

ನಮ್ಮಲ್ಲಿ ಮೊಟ್ಟೆ, ಮೀನು ನಡೆಯುತ್ತದೆ. ತಿನ್ನದವರು ಈ ಪ್ಯಾರಾ ದಾಟಿ ಹೋಗಿ. ಆರು ನಾಟಿ ಹೇಂಟೆ ಸಾಕಿದ್ದೇವೆ. ಮಳೆಯಲ್ಲಿ ಇಡುವುದು ಕಮ್ಮಿ, ಆದರೂ ಒಂದು ಮೊಟ್ಟೆಗೆ ಆರು ಗ್ರಾಂ ಸಸಾರಜನಕ, ಪಿಷ್ಟ ಸೊನ್ನೆಗೆ ಹತ್ತಿರ. ಮೊಟ್ಟೆಯನ್ನು ತೊಳೆಯದೆ ತಂಪು ಜಾಗದಲ್ಲಿಟ್ಟರೆ ಫ್ರಿಜ್ಜಿಲ್ಲದೆ ಎರಡು ವಾರಕ್ಕೆ ತೊಂದರೆ ಇಲ್ಲ. ಸಂಶಯ ಬಂದರೆ ನೀರಿಗೆ ಹಾಕಿ ನೋಡುವುದು, ತೇಲಿದರೆ ಎಸೆಯುವುದು. ಮೇ ತಿಂಗಳಲ್ಲಿ ಒಣ ಬಂಗುಡೆ, ಒಣ ಸಿಗಡಿ ತಂದು ಮತ್ತೊಂದು ಬಿಸಿಲು ತೋರಿಸಿ ಡಬ್ಬಕ್ಕೆ. ಜೂನ್-ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ ಕರಾವಳಿಯಲ್ಲಿ ಇದು ಹೊಸ ಬುದ್ಧಿ ಅಲ್ಲ. ಮೊಟ್ಟೆ ಮುಟ್ಟದ ನನ್ನ ಸ್ನೇಹಿತರೊಬ್ಬರು ಸೋಯಾ ತುಂಡು ಇಡುತ್ತಾರೆ. ಅದರ ನೂರು ಗ್ರಾಮಿನಲ್ಲಿ 50ರ ಮೇಲೆ ಸಸಾರಜನಕ. ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹಟ್ಟಿಯಲ್ಲಿ ದನ ಇದ್ದವರಿಗೆ ಮಜ್ಜಿಗೆ, ತುಪ್ಪ ಇದ್ದೇ ಇದೆ.

ಬಚ್ಚಲು ಬದಿಯ ಬಸಳೆ ಚಪ್ಪರ, ನುಗ್ಗೆ ಮರ, ಮಳೆಗೆ ತಾನಾಗಿ ಏಳುವ ತಜಂಕ್, ಇವೂ ದಾಸ್ತಾನೇ, ಡಬ್ಬ ಬೇಡ ಅಷ್ಟೆ. ಗಂಜಿ ಉಂಡ ಆ ಒಂಬತ್ತು ದಿನವೂ ಅಂಗಳದ ಕೆಳಗೆ ತಜಂಕ್ ಮೊಣಕಾಲೆತ್ತರ ನಿಂತಿತ್ತು. ಕಳೆ ಎಂದು ನಾನೇ ಅದಕ್ಕೆ ಔಷಧಿ ಹೊಡೆಯುವವನಿದ್ದೆ.

ಎಷ್ಟು ಬೇಕು? ನಾನು ಒಬ್ಬನಿಗೆ ಹದಿನೈದು ದಿನದ ಲೆಕ್ಕ ಹಾಕಿದ್ದು ಹೀಗೆ: ದಿನಕ್ಕೆ ಎರಡು ಮೊಟ್ಟೆ, ಐವತ್ತು ಗ್ರಾಂ ನೆಲಗಡಲೆ, ಅರುವತ್ತು ಗ್ರಾಂ ಕಾಳು, ಅರ್ಧ ತೆಂಗಿನಕಾಯಿ, ಎರಡು-ಮೂರು ದೊಡ್ಡ ಚಮಚ ಎಣ್ಣೆ, ಹೊಟ್ಟೆ ತುಂಬ ಸೌತೆ, ಕುಂಬಳ ಅಥವಾ ಸೊಪ್ಪು. ಕುಚ್ಚಲಕ್ಕಿ ಐವತ್ತು ಗ್ರಾಂ, ಅಮ್ಮ ಹೇಳಿದ ಒಂದು ಮುಷ್ಟಿ. ಪಿಷ್ಟ ಎಲ್ಲ ಸೇರಿ ನೂರು ಗ್ರಾಮಿನ ಸುತ್ತ ನಿಲ್ಲುತ್ತದೆ. ಮೂರು ಹೊತ್ತು ಗಂಜಿ ಎಂದರೆ ನಾಲ್ಕುನೂರು ಗ್ರಾಂ ಅಕ್ಕಿ, ಅದರಲ್ಲೇ ಮುನ್ನೂರು ದಾಟುತ್ತದೆ. ಹದಿನೈದು ದಿನಕ್ಕೆ ಕ್ರಯಕ್ಕೆ ತರಬೇಕಾದದ್ದು ನೆಲಗಡಲೆ ಮುಕ್ಕಾಲು ಕಿಲೋ, ಕಾಳು ಒಂದು ಕಿಲೋ. ಮನೆಯ ಕಾಯಿ, ಎಣ್ಣೆ, ಸೌತೆ ಬಿಟ್ಟರೆ ಐನೂರು ರೂಪಾಯಿ ಒಳಗೆ ಮುಗಿಯುವ ಕೆಲಸ. ದಾಸ್ತಾನು ಎಂದು ಮುಟ್ಟದೆ ಇಡುವುದಲ್ಲ. ವಾರಕ್ಕೆರಡು ದಿನ ಅದರಿಂದಲೇ ಅಡುಗೆ, ತೆಗೆದಷ್ಟು ಹೊಸತು ಹಿಂದೆ ಸೇರಿಸುವುದು. ಇಲ್ಲದಿದ್ದರೆ ಹುಳ ಉಣ್ಣುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯದ್ದು. ಈ ದಾಸ್ತಾನಿನಲ್ಲಿ ಸಕ್ಕರೆಯೂ ಇರಬೇಕು!

ಹಾಸ್ಯ ಅಲ್ಲ. ಮೇಲಿನ ಮನೆಯ ಚಿಕ್ಕಪ್ಪ ಇನ್ಸುಲಿನ್ ತೆಗೆದುಕೊಳ್ಳುವವರು. ನಾನು ಗಂಜಿ ತಿಂದು ಸಕ್ಕರೆ ಏರಿಸಿಕೊಂಡರೆ, ಅವರು ಅದೇ ವಾರ ಹೆದರಿ ಗಂಜಿಯನ್ನೇ ಬಿಟ್ಟಿದ್ದರು. ಸೂಜಿ ಮಾತ್ರ ದಿನದ ಲೆಕ್ಕದಂತೆ ಪೂರ್ತಿ ಚುಚ್ಚಿಕೊಂಡರು. ರಾತ್ರಿ ಹತ್ತು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಚಿಕ್ಕಮ್ಮ ಟಾರ್ಚು ಬೀಸಿ ಕೂಗಿದರು. ಹೋಗಿ ನೋಡಿದರೆ ಯಾರು ಬಂದದ್ದು ಎಂದೂ ಅವರಿಗೆ ಗೊತ್ತಾಗುತ್ತಿಲ್ಲ. ಆದರೆ ನುಂಗುತ್ತಿದ್ದರು. ಬೆಲ್ಲ ಕದಡಿದ ನೀರು ಗುಟುಕು ಗುಟುಕಾಗಿ ಕೊಟ್ಟೆವು. ಇಪ್ಪತ್ತು ನಿಮಿಷ ಕಳೆದು, “ನೀನು ಯಾವಾಗ ಬಂದೆ?” ಎಂದರು. ಅಷ್ಟು ಹೊತ್ತು ನಮ್ಮ ಜೀವ ಕೈಯಲ್ಲಿತ್ತು. ತೋಡು ಮೊಣಕಾಲಲ್ಲ, ಎದೆಮಟ್ಟ ಹರಿಯುತ್ತಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದು ಎಲ್ಲಿಂದ?

ಆದ್ದರಿಂದ ಅನ್ನ ಕಡಿಮೆ ಮಾಡುವುದೆಂದರೆ ಔಷಧಿಯ ಪ್ರಮಾಣವನ್ನೂ ನೋಡಬೇಕು. ಇನ್ಸುಲಿನ್ ಇರುವವರು, ಗ್ಲಿಮೆಪಿರೈಡಿನಂಥ ಗುಳಿಗೆ ನುಂಗುವವರು ಮಳೆಗಾಲದ ಮೊದಲೇ ಡಾಕ್ಟರಲ್ಲಿ ಒಂದು ಪ್ರಶ್ನೆ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ: “ಊಟ ಅರ್ಧ ಆದರೆ ಎಷ್ಟು, ಊಟವೇ ಇಲ್ಲದಿದ್ದರೆ ಎಷ್ಟು?” ತಾವೇ ಲೆಕ್ಕ ಹಾಕುವುದು ಬೇಡ. ಸಕ್ಕರೆ ಇಳಿದ ಲಕ್ಷಣ ಕಂಡರೆ ಮೂರು-ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ ಬೇಕಾದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬಾರದು.

ಇನ್ಸುಲಿನ್ ಇಡುವುದು ಇನ್ನೊಂದು ತಲೆನೋವು. ಒಡೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಉಪಯೋಗದಲ್ಲಿರುವುದು ಹೊರಗೆ ತಂಪಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಾಳುತ್ತದೆ, ಬಾಟಲಿಯ ಜತೆಗಿನ ಕಾಗದದಲ್ಲಿ ಬರೆದಿರುತ್ತದೆ. ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬುವ ಉಪಾಯ ಬೇಸಗೆಯಲ್ಲಿ ಒಳ್ಳೆಯದು. ಆಟಿಯ ಮಳೆಯಲ್ಲಿ ಗಾಳಿಯೇ ಒದ್ದೆ, ನೀರು ಆರುವುದಿಲ್ಲ, ಮಡಕೆ ತಣಿಯುವುದೂ ಇಲ್ಲ. ಆದರೆ ಆಗ ಹೊರಗಿನ ಸೆಕೆಯೂ ಕಮ್ಮಿ ಅಲ್ಲವೇ. ಚಿಕ್ಕಪ್ಪ ಹಾಳೆಯ ಮೇಲೆ ಮಣ್ಣಿನ ಕೂಜೆಯಲ್ಲಿ ಇಟ್ಟು ಸುಧಾರಿಸಿದರು. ಐಸಿಗೆ ತಾಗಿಸಿ ಇಟ್ಟರೆ ಹೆಪ್ಪುಗಟ್ಟಿ ಹಾಳು, ಅದನ್ನು ಮತ್ತೆ ಚುಚ್ಚಿಕೊಳ್ಳಬಾರದು.

ಪರಿಹಾರದ ಕಟ್ಟು ಕಟ್ಟುವವರಿಗೂ ಒಂದು ಮಾತು. ಪಂಚಾಯತಿನವರಿರಲಿ, ಸಹಕಾರಿ ಸಂಘದವರಿರಲಿ, ಯುವಕ ಮಂಡಲದ ಹುಡುಗರಿರಲಿ. ಐದು ಕಿಲೋ ಅಕ್ಕಿಯಲ್ಲಿ ಎರಡು ಕಿಲೋ ತೆಗೆದು ಆ ಜಾಗಕ್ಕೆ ಹೆಸರು, ಕಡಲೆ, ನೆಲಗಡಲೆ ಹಾಕಿದರೆ ಹೊರೆ ಹೆಚ್ಚುವುದಿಲ್ಲ, ಖರ್ಚು ಸ್ವಲ್ಪ ಹೆಚ್ಚೀತು. ಬಿಸ್ಕತ್ತಿನ ಹಣದಲ್ಲೇ ಅದನ್ನು ಸರಿದೂಗಿಸಬಹುದು. ಯಾವ ಮನೆಯಲ್ಲಿ ಯಾರಿಗೆ ಇನ್ಸುಲಿನ್ ಉಂಟು ಎಂಬ ಪಟ್ಟಿ ಆಶಾ ಕಾರ್ಯಕರ್ತೆಯರ ನೆರವಿನಿಂದ ಮೇ ತಿಂಗಳಲ್ಲೇ ಆದೀತು. ನಮ್ಮ ಸಂಘದ ಮಹಾಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು, “ಅಕ್ಕಿ ಕೊಟ್ಟದ್ದೇ ಹೆಚ್ಚು, ಇನ್ನು ಪಥ್ಯವೂ ಮಾಡಿ ಬಡಿಸಬೇಕಾ?” ಎಂದರು. ಸಭೆ ನಕ್ಕಿತು. ನಕ್ಕವರಲ್ಲಿ ಎಷ್ಟು ಜನರ ಕಿಸೆಯಲ್ಲಿ ಗುಳಿಗೆ ಇತ್ತೋ.

ಈ ಸಲ ನಮ್ಮ ಅಡ್ಡ ಮರದಲ್ಲಿ ಸೌತೆ ನಲವತ್ತೆರಡು, ಬೂದುಗುಂಬಳ ಒಂಬತ್ತು. ಗುಜ್ಜೆಯ ಭರಣಿ ಒಂದು ತುಂಬಿದೆ, ಇನ್ನೊಂದರ ಬಾಯಿ ಒಡೆದದ್ದು ಈಗ ಗೊತ್ತಾಯಿತು, ಪುತ್ತೂರಿಗೆ ಹೋದಾಗ ತರಬೇಕು. ಸಂಕವನ್ನು ಕಾಂಕ್ರೀಟು ಮಾಡಿದ್ದಾರೆ, ಎತ್ತರ ಸಾಲದು ಎಂದು ನನಗೆ ಅನುಮಾನ. ಅಮ್ಮ ಮೊನ್ನೆ ಕತ್ತು ಎತ್ತಿ ಅಡ್ಡ ಮರ ನೋಡಿ, “ಆ ಮೂಲೆಯ ಸೌತೆಯ ತೊಟ್ಟು ಕಪ್ಪಾಗಿದೆ, ಅದನ್ನು ಮೊದಲು ಇಳಿಸಿ” ಎಂದರು. ಇಳಿಸಿದೆವು. ಇವತ್ತು ಅದರದ್ದೇ ಹುಳಿ.